ಅವರೆಕಾಳು ಹಿದುಕುವ ಕೈ

ಬರುವ ಭಾನುವಾರ ನಮ್ಮ ದೇವಾಲಯದಲ್ಲಿ ಹಿರಿಯರ ಆರಾಧನೆ. ವಯಸ್ಸಾದವರಿಗೆ ಸ್ವಲ್ಪ ಧೈರ್ಯ ಬರುವ ಹಾಗೆ ಒಂದು ಸಾಕ್ಷಿ ಬರೆದುಕೊಡಿ ಅಂತ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಹೇಳಿಹೋಗಿದ್ದಾರೆ. ಹೇಳುವುದೇನೋ ಸುಲಭ. ಸಾಕ್ಷಿ ಅಂದರೆ ನಮ್ಮವರಲ್ಲಿ ಒಂದು ಪದ್ಧತಿ ಇದೆ. ಮೊದಲು ಕಾಯಿಲೆ, ಆಮೇಲೆ ಕಣ್ಣೀರು, ಆಮೇಲೆ ಪ್ರಾರ್ಥನೆ, ಕೊನೆಗೆ "ಈಗ ಪೂರ್ತಿ ವಾಸಿಯಾಗಿದೆ, ದೇವರಿಗೆ ಸ್ತೋತ್ರ" ಅಂತ ಕೂತುಬಿಡಬೇಕು. ವಾಸಿಯಾಗದವರು ಎದ್ದು ನಿಂತು ಸಾಕ್ಷಿ ಹೇಳಿದ್ದನ್ನು ನಾನಂತೂ ಈ ವಯಸ್ಸಿನವರೆಗೆ ಕಂಡಿಲ್ಲ. ನನಗೆ ವಾಸಿಯಾಗಿಲ್ಲ. ಆಗುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಕಾಯುವ ಕೆಲಸವಿರುವುದಿಲ್ಲ.

ನನ್ನ ಹೆಸರು ಸಮಾಧಾನಮ್ಮ. ಹುಣಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಹೊಲಿಗೆ ಟೀಚರ್ ಆಗಿದ್ದೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹುಡುಗಿಯರಿಗೆ ಕಾಜ ಹೊಲಿಯುವುದರಿಂದ ಹಿಡಿದು ರವಿಕೆ ಕತ್ತರಿಸುವವರೆಗೆ ಕಲಿಸಿದವಳು. ವಕ್ರ ಹೊಲಿಗೆ ಕಂಡರೆ ನನಗೆ ಮೈ ಉರಿಯುತ್ತಿತ್ತು, ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು "ಅಸಮಾಧಾನಮ್ಮ" ಅನ್ನುತ್ತಿದ್ದರಂತೆ. ನಮ್ಮ ಯಜಮಾನರು ದೇವದಾನ, ಸರ್ಕಾರಿ ಬಸ್ಸಿನ ಡ್ರೈವರ್. ಕೋಟೆ ರೂಟಿನಲ್ಲಿ ಆಯಸ್ಸೆಲ್ಲ ಕಳೆದು, ಇಂಜಿನ್ನಿನ ಸದ್ದಿಗೆ ಎಡಗಿವಿ ಮಂದವಾಗಿ ನಿವೃತ್ತರಾದರು. ಒಬ್ಬಳೇ ಮಗಳು ಶಾಂತಿ, ಕೆ.ಆರ್. ನಗರಕ್ಕೆ ಮದುವೆಯಾಗಿ ಅಲ್ಲೇ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಸಮಾಧಾನ, ಶಾಂತಿ ಅಂತ ಇಬ್ಬರ ಹೆಸರೂ ಒಂದೇ ಅರ್ಥದ್ದು. ಮನೆಯಲ್ಲಿ ಅದು ಇದ್ದದ್ದು ಕಡಿಮೆ.

ನಾನು ಕೆಲಸ ಬಿಟ್ಟ ಮಾರನೆಯ ವರ್ಷದ ಮಳೆಗಾಲ. ಸೂಜಿಗೆ ದಾರ ಪೋಣಿಸುವುದು ತಡವಾಗತೊಡಗಿತು. ಕಣ್ಣಿನ ದೋಷ ಅಂದುಕೊಂಡು ಕನ್ನಡಕ ಬದಲಾಯಿಸಿದೆ. ಒಂದು ಸಂಜೆ ರೇಡಿಯೋ ಕೇಳುತ್ತಾ ಕೂತಿದ್ದೆ, ಬಲಗೈ ಮಡಿಲಲ್ಲಿತ್ತು. ಯಜಮಾನರು ನನ್ನ ಕೈಯನ್ನೇ ನೋಡುತ್ತಿದ್ದವರು ನಕ್ಕರು.

"ಏನಮ್ಮೀ, ಅವರೆಕಾಳು ಇದುಕ್ತಾ ಕುಂತಿದ್ದೀಯ? ಇನ್ನೂ ಗಿಡವೇ ಊ ಬುಟ್ಟಿಲ್ಲ!"

ನೋಡಿಕೊಂಡೆ. ಹೆಬ್ಬೆರಳು ತೋರುಬೆರಳನ್ನು ತಾನಾಗಿಯೇ ಉಜ್ಜುತ್ತಿತ್ತು, ನಿಲ್ಲದೆ, ಒಂದೇ ಲಯದಲ್ಲಿ. ನಮ್ಮ ಕಡೆ ಚಳಿಗಾಲದಲ್ಲಿ ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಒತ್ತಿ, ಸಿಪ್ಪೆ ಬಿಡಿಸಿ ಬೇಳೆ ಹಾರಿಸುತ್ತೇವಲ್ಲ, ಥೇಟ್ ಹಾಗೆಯೇ. ನಾನೂ ನಕ್ಕೆ. ನಕ್ಕು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅಂದಿನಿಂದ ಅದನ್ನು ಬಚ್ಚಿಡುವುದೇ ನನಗೊಂದು ಉದ್ಯೋಗವಾಯಿತು. ಹೊಲಿಗೆಯವಳ ಕೈ ನಡುಗುತ್ತದೆ ಅಂತ ಊರಿಗೆ ಗೊತ್ತಾಗುವುದಕ್ಕಿಂತ ಸಾಯುವುದು ಮೇಲು ಅಂತ ಅನ್ನಿಸುತ್ತಿತ್ತು. ಆ ಮಾತು ಈಗ ಅತಿ ಅನ್ನಿಸಿದರೂ ಆಗ ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು.

ಬೇಸಿಗೆಯಲ್ಲಿ ದೇವಾಲಯದ ಹಿಂದಿನ ಮೈದಾನದಲ್ಲಿ ಉಜ್ಜೀವನ ಕೂಟ ನಡೆಯಿತು. ಶಾಮಿಯಾನ, ಮೈಕು, ಕೀಬೋರ್ಡು, ಎಲ್ಲಿಂದಲೋ ಕರೆಸಿದ ಪ್ರಸಂಗಿ. ನಾನು ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದೆ. ಎಲ್ಲರೂ ಕಣ್ಣು ಮುಚ್ಚಿ ಅಂಗೈ ಮೇಲೆ ಮಾಡಿ ಪ್ರಾರ್ಥಿಸಿ ಅಂದರು. ಸೆರಗಿನೊಳಗಿನ ಕೈಯನ್ನು ನಾನೂ ಹೊರಗೆ ತೆಗೆಯಬೇಕಾಯಿತು. ಮನಸ್ಸು ತುಂಬಿ ಬಂದಾಗ ಆ ನಡುಕ ಹೆಚ್ಚಾಗುತ್ತದೆ, ಅದು ಅದರ ಸ್ವಭಾವ. ಆ ಸಂಜೆ ಮೊಣಕೈವರೆಗೆ ಏರಿತು. ಪ್ರಸಂಗಿಯವರು ಮೈಕು ಹಿಡಿದು ನನ್ನ ಮುಂದೆಯೇ ಬಂದು ನಿಂತರು.

"ಈ ತಾಯಿಯ ಬಲಗೈ ನೋಡಿ ದೇವಜನರೇ! ಪವಿತ್ರಾತ್ಮನು ಇಳಿದು ಬಂದಿದ್ದಾನೆ! ಈ ಕೈಗೆ ಅಭಿಷೇಕವಾಗಿದೆ!"

ನಾನು ಕಣ್ಣು ಬಿಟ್ಟು, "ಅದು ವಾತ ಕಣ್ರೀ ಅಯ್ಯನೋರೆ" ಅಂದೆ. ಅಂದದ್ದು ನಿಜ. ಆದರೆ ಆಗಲೇ ನನ್ನ ದನಿ ಕುಗ್ಗತೊಡಗಿತ್ತು, ಕೀಬೋರ್ಡಿನವನು ಜೋರು ಮಾಡಿದ್ದ. ಸುತ್ತ ಸ್ತೋತ್ರ, ಸ್ತೋತ್ರ ಅಂತ ಹೆಂಗಸರು ಅಳುತ್ತಿದ್ದರು. ನನ್ನ ವಾತದ ಮಾತು ಯಾರಿಗೆ ಬೇಕಿತ್ತು.

ಮಾರನೆಯ ದಿನವೇ ನಮ್ಮ ಸ್ತ್ರೀ ಸಮಾಜದ ಅಧ್ಯಕ್ಷೆ ರಾಹೇಲಮ್ಮ ನಾಲ್ಕಾರು ಜನರನ್ನು ಕರೆದುಕೊಂಡು ಮನೆಗೆ ಬಂದಳು. ಒಬ್ಬಳಿಗೆ ತಲೆನೋವು, ಒಬ್ಬಳಿಗೆ ಮಕ್ಕಳಿಲ್ಲ, ಒಬ್ಬಳ ಗಂಡ ಕುಡಿಯುತ್ತಾನೆ. ನಾನು ಅವರ ತಲೆಯ ಮೇಲೆ ಆ ಅಭಿಷೇಕದ ಕೈಯಿಟ್ಟು ಪ್ರಾರ್ಥಿಸಬೇಕಂತೆ. ನಾನು ನೇರವಾಗಿಯೇ ಹೇಳಿದೆ.

"ರಾಹೇಲಮ್ಮ, ಇದು ಅಭಿಷೇಕ ಅಲ್ಲ. ನರದ ತೊಂದ್ರೆ ಇರ್ಬೇಕು. ಕೂಟಕ್ಕಿಂತ ಎಷ್ಟೋ ಮುಂಚಿಂದ ನಡುಗ್ತಾ ಅದೆ."

"ಅಭಿಷೇಕ ಆದೋರು ಯಾರೂ ತಾವಾಗೇ ಒಪ್ಕೊಳಲ್ಲ ಅಕ್ಕ. ಅದೇ ಗುರುತು," ಅಂದಳು.

ಅಂಥ ಮಾತಿಗೆ ಏನು ಹೇಳುತ್ತೀರಿ? ಹೌದು ಅಂದರೆ ಅಭಿಷೇಕ, ಅಲ್ಲ ಅಂದರೂ ಅಭಿಷೇಕ. ಕೊನೆಗೆ ನಾನು, "ಪ್ರಾರ್ಥನೆ ಮಾಡ್ತೀನಿ, ಎಲ್ಲಾರೂ ಮಾಡೋ ಹಂಗೆ. ಡಾಕ್ಟ್ರನ್ನ ಮಾತ್ರ ಬಿಡಬೇಡಿ" ಅಂತ ಪ್ರತಿಯೊಬ್ಬರಿಗೂ ಹೇಳಿಯೇ ಕೈಯಿಡುತ್ತಿದ್ದೆ. ನನ್ನ ಬೆರಳು ಅವರ ನೆತ್ತಿಯ ಮೇಲೆ ತಟತಟ ಅಂತ ಕುಣಿಯುತ್ತಿತ್ತು, ಅವರ ಮೈ ಜುಮ್ಮೆನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಜನ ಬರುವುದು ನನಗೂ ಹಿತವಾಗಿತ್ತು. ಕೆಲಸ ಬಿಟ್ಟಮೇಲೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮುದುಕಿಯ ಮನೆ ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಬಿಟ್ಟಿರುವುದು ಸಣ್ಣ ವಿಷಯವಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ನಮ್ಮ ಯಜಮಾನರು. ಅವರೆಕಾಳು ಅಂತ ನಕ್ಕವರೇ ಈಗ ಜನ ಬರುವ ಮುಂಚೆ ಚಾಪೆ ಹಾಸಿ, ಊದುಬತ್ತಿ ಬೇಡ ಅಂದರೂ ಕೇಳದೆ ಹಚ್ಚಿ, ಮನೆಯೆಲ್ಲ ಗುಡಿಸಿ ನಿಲ್ಲುತ್ತಿದ್ದರು. ಶಾಂತಿ ಫೋನಿನಲ್ಲಿ, "ಅಪ್ಪ, ಅಮ್ಮನ್ನ ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸಿ" ಅಂದಾಗಲೆಲ್ಲ ಅವರದ್ದು ಒಂದೇ ಉತ್ತರ. "ದೇವ್ರು ಕೊಟ್ಟಿದ್ದನ್ನ ಡಾಕ್ಟ್ರಿಗೆ ತೋರ್ಸಕ್ಕಾಯ್ತದೇನವ್ವ?" ಅವರಿಗೆ ಭಕ್ತಿಗಿಂತ ಭಯವಿತ್ತು. ಹೆಂಡತಿಗೆ ಕಾಯಿಲೆ ಅನ್ನುವುದಕ್ಕಿಂತ ಹೆಂಡತಿಗೆ ವರ ಅನ್ನುವುದು ಯಾವ ಗಂಡಸಿಗಾದರೂ ಸುಲಭ. ಅದು ನನಗೆ ಗೊತ್ತಿತ್ತು, ಅದಕ್ಕೇ ನಾನೂ ಹೆಚ್ಚು ಜಗಳ ಆಡಲಿಲ್ಲ.

ಮೈ ಮಾತ್ರ ತನ್ನ ಪಾಡಿಗೆ ಹಿಂದೆ ಬೀಳುತ್ತಿತ್ತು. ನಡೆಯುವಾಗ ಬಲಗಾಲಿನ ಚಪ್ಪಲಿ ಹಿಂದೆಯೇ ಉಳಿದುಬಿಡುತ್ತಿತ್ತು, ನಾಲ್ಕು ಹೆಜ್ಜೆ ಹೋದಮೇಲೆ ಗೊತ್ತಾಗುತ್ತಿತ್ತು. ಮಲಗಿದಲ್ಲಿ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ. ಮುಖ ಗಂಜಿ ಹಾಕಿದ ಬಟ್ಟೆಯಂತೆ ಬಿಗಿದುಕೊಂಡಿತು. ಒಳಗೆ ನಗು ಬಂದರೂ ಹೊರಗೆ ಬಾರದು. ಶಾಂತಿಯ ಮಗಳು ರಜೆಗೆ ಬಂದವಳು, "ಅಜ್ಜಿ ಯಾಕೆ ಯಾವಾಗ್ಲೂ ಕೋಪ ಮಾಡ್ಕೊಂಡಿರ್ತಾರೆ?" ಅಂತ ತಾಯಿಯ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ಅಡುಗೆಮನೆಗೆ ಹೋಗಿ ಅತ್ತೆ. ಅಳುವಾಗಲೂ ಮುಖ ಹಾಗೇ ಇತ್ತು, ನೀರು ಮಾತ್ರ ಇಳಿಯುತ್ತಿತ್ತು. ರಾಹೇಲಮ್ಮನ ಕಡೆಯವರು ಅದಕ್ಕೂ ಒಂದು ಅರ್ಥ ಹಚ್ಚಿದ್ದರು. ಸಮಾಧಾನಕ್ಕನ ಮುಖದಲ್ಲಿ ಈಗ ಲೋಕದ ಆಸೆಯೇ ಕಾಣುವುದಿಲ್ಲವಂತೆ.

ನಾನು ಬಚ್ಚಲಲ್ಲಿ ಬಿದ್ದ ಮೇಲೆ ಶಾಂತಿ ಅಪ್ಪನ ಮಾತು ಕೇಳಲಿಲ್ಲ. ತಾನೇ ಬಂದು ಇಬ್ಬರನ್ನೂ ಮೈಸೂರಿನ ಬಸ್ಸು ಹತ್ತಿಸಿದಳು.

ದೊಡ್ಡಾಸ್ಪತ್ರೆಯ ನರರೋಗದ ವಿಭಾಗ. ಹೊರಗೆ ಉದ್ದನೆಯ ಬೆಂಚು, ಚೀಟಿ ಹಿಡಿದು ಕೂತ ಜನ. ನನ್ನ ಪಕ್ಕದಲ್ಲಿ ಒಬ್ಬ ಸಾಬರು, ಬಿಳಿ ಟೋಪಿ, ನನ್ನ ವಯಸ್ಸೇ ಇರಬಹುದು. ಅವರ ಎಡಗೈ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಅವರಾಚೆ ಒಂಬತ್ತು ಗಜದ ಸೀರೆಯ ಅಜ್ಜಿಯೊಬ್ಬರು, ಅವರಿಗೆ ಎರಡೂ ಕೈ. ಎದುರಿನ ಗೋಡೆಗೆ ಒರಗಿದ್ದ ರೈತನೊಬ್ಬನ ಗದ್ದವೂ ನಡುಗುತ್ತಿತ್ತು. ಇಷ್ಟು ಜನ ಯಾವ ಕೂಟಕ್ಕೂ ಹೋದವರಲ್ಲ, ಯಾವ ಪ್ರಸಂಗಿಯನ್ನೂ ಕಂಡವರಲ್ಲ. ಎಲ್ಲರೂ ಒಂದೇ ಲಯದಲ್ಲಿ ಕಾಣದ ಅವರೆಕಾಳು ಹಿದುಕುತ್ತಾ ಕೂತಿದ್ದೆವು.

ಯಜಮಾನರು ಆ ಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ, "ವಸಿ ಟೀ ಕುಡ್ಕೊಂಡು ಬತ್ತೀನಿ" ಅಂತ ಎದ್ದುಹೋದರು. ಬಹಳ ಹೊತ್ತು ಬರಲಿಲ್ಲ.

ಡಾಕ್ಟರು ನನ್ನ ಕೈ ಮಡಿಸಿ ಬಿಡಿಸಿ ನೋಡಿದರು, ನಡೆಸಿದರು, ಹೆಸರು ಬರೆಯಿರಿ ಅಂದರು. ಸಮಾಧಾನಮ್ಮ ಅಂತ ಬರೆದೆ. 'ಸ' ದೊಡ್ಡದಾಗಿತ್ತು, ಕೊನೆಯ 'ಮ್ಮ' ಇರುವೆಯಷ್ಟಾಗಿತ್ತು. ಮಕ್ಕಳ ಪುಸ್ತಕದಲ್ಲಿ ಅಂಥ ಅಕ್ಷರ ಕಂಡಿದ್ದರೆ ನಾನು ಹೊಡೆದುಹಾಕಿ ಮತ್ತೆ ಬರೆಸುತ್ತಿದ್ದೆ. ಡಾಕ್ಟರು ಅದನ್ನು ನೋಡಿ ಪಾರ್ಕಿನ್ಸನ್ ಅಂದರು. "ಮಾತ್ರೆಯಿಂದ ಹತೋಟಿಗೆ ಬರುತ್ತೆ ತಾಯಿ. ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಲ್ಲ. ಮಾತ್ರೆ ಬಿಡಬಾರದು, ಹೊತ್ತು ತಪ್ಪಿಸಬಾರದು."

ಯಜಮಾನರು ಬಾಗಿಲ ಬಳಿ ನಿಂತಿದ್ದರು. ಜೀವಮಾನವೆಲ್ಲ ಬಸ್ಸಿನಲ್ಲಿ ಕೂಗಿ ಮಾತಾಡಿದ ಗಂಟಲು ಅವತ್ತು ಸಣ್ಣದಾಗಿತ್ತು.

"ಇದು... ಪ್ರಾರ್ಥನೆಯಿಂದ ಬಂದಿದ್ದಲ್ವಾ ಡಾಕ್ಟ್ರೇ?"

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. "ಪ್ರಾರ್ಥನೆಯಿಂದ ಯಾಕ್ರೀ ಕಾಯಿಲೆ ಬರುತ್ತೆ?" ಅಂದರು. ನನಗೆ ನಗು ಬಂತು, ಮುಖ ಬಿಡಲಿಲ್ಲ.

ವಾಪಸ್ಸು ಬರುವಾಗ ಬಸ್ಸು ಬಿಳಿಕೆರೆ ದಾಟಿತು. ಆಗ ಯಜಮಾನರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು.

"ಸಭೇಲಿ ಈಗ್ಲೇ ಈ ಇಸ್ಯ ಏಳ್ಬ್ಯಾಡ ಕಣಮ್ಮಿ."

"ಏನನ್ನ ಬಚ್ಚಿಡ್ಲಿ? ಕೈನೋ, ಮಾತ್ರೇನೋ?" ಅಂದೆ.

ಮಾತ್ರೆ ಹಿಡಿಯಲು ಕೆಲವು ವಾರ ಬೇಕಾಯಿತು. ಒಂದು ಬೆಳಿಗ್ಗೆ ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು. ಕೈ ಮಡಿಲಲ್ಲಿ ಸತ್ತಂತೆ ಸುಮ್ಮನೆ ಬಿದ್ದಿತ್ತು. ಸಂತೋಷಕ್ಕೆ ಅವರನ್ನು ಕೂಗಿ ಕರೆದು ತೋರಿಸಿದೆ. "ಒಳ್ಳೇದಾಯ್ತು" ಅಂದರು, ಆದರೆ ಅವರ ಮುಖ ಕೊನೆಯ ಬಸ್ಸು ತಪ್ಪಿದವನ ಮುಖದಂತಿತ್ತು. ಆ ಮುಖ ನನ್ನ ಎದೆಯಲ್ಲಿ ನಾಟಿಕೊಂಡಿತು. ಕಾಯಿಲೆಯ ಹೆಂಡತಿಗಿಂತ ಅಭಿಷೇಕದ ಹೆಂಡತಿಯೇ ಇವರಿಗೆ ಬೇಕಾಗಿದ್ದಳು ಅಂತ ಅವತ್ತು ತೀರ್ಮಾನ ಮಾಡಿಕೊಂಡೆ. ಬಹಳ ವರ್ಷ ಆ ತೀರ್ಮಾನವನ್ನು ಒಳಗೇ ಇಟ್ಟುಕೊಂಡು ಕೊರಗಿದೆ.

ಮುಂದಿನ ಗುರುವಾರ ರಾಹೇಲಮ್ಮ ಯಾರನ್ನೋ ಕರೆತಂದಳು. ನಾನು ಕೈಯಿಟ್ಟೆ. ನೆತ್ತಿಯ ಮೇಲೆ ಕೈ ಅಲುಗದೆ ಕೂತಿತು. ಆಕೆ ಕಣ್ಣು ಬಿಟ್ಟು ನನ್ನ ಕೈಯನ್ನೇ ನೋಡಿದಳು. ರಾಹೇಲಮ್ಮನೂ ನೋಡಿದಳು.

"ಅಕ್ಕ, ಆತ್ಮ ಬುಟ್ಟೋಯ್ತಾ? ಏನ್ ತಪ್ಪಾಯ್ತಕ್ಕ?"

"ಆತ್ಮ ಅಲ್ಲ ಕಣಮ್ಮ ಬಿಟ್ಟಿದ್ದು, ನಡುಕ. ಮೈಸೂರಿಂದ ಮಾತ್ರೆ ತಂದು ತಗೋತಾ ಇದ್ದೀನಿ."

"ಅಯ್ಯೋ, ಕರ್ತ ಕೊಟ್ಟಿದ್ದನ್ನ ಮಾತ್ರೆ ತಗೊಂಡು ನಿಲ್ಸುದ್ರಾ?" ಅಂತ ಎದೆ ಹಿಡಿದುಕೊಂಡಳು. ಅವಳು ಕೆಟ್ಟವಳಲ್ಲ, ನಿಜವಾಗಿಯೂ ನನಗಾಗಿ ನೊಂದಳು. ಅದರ ಫಲವಾಗಿ ಸ್ತ್ರೀ ಸಮಾಜದ ಕೂಟದಲ್ಲಿ, ಅಪನಂಬಿಕೆಯಿಂದ ವರ ಕಳೆದುಕೊಂಡ ಸಹೋದರಿಗಾಗಿ, ಹೆಸರು ಹೇಳದೆ ಪ್ರಾರ್ಥನೆಯಾಯಿತು. ನಾನು ಮೂರನೆಯ ಸಾಲಿನಲ್ಲೇ ಕೂತಿದ್ದೆ. ಹೆಸರು ಹೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ.

ಬಾಗಿಲ ಬಳಿಯ ಚಪ್ಪಲಿಗಳು ಒಂದೊಂದಾಗಿ ಕಡಿಮೆಯಾಗಿ ಕೊನೆಗೆ ನಮ್ಮಿಬ್ಬರದೇ ಉಳಿದವು. ನಾನು ಕೂಟಕ್ಕೆ ಹೋಗುವುದು ಬಿಟ್ಟೆ, ಆಮೇಲೆ ಭಾನುವಾರದ ಆರಾಧನೆಯನ್ನೂ ಬಿಟ್ಟೆ. ಕರ್ತನ ಭೋಜನದ ದ್ರಾಕ್ಷಾರಸದ ಪಾತ್ರೆ ಕೈಯಲ್ಲಿ ಹಿಡಿದಾಗ ಮಾತ್ರೆಯ ಹೊತ್ತು ಮೀರಿ ನಡುಕ ಬಂದು ಚೆಲ್ಲಿದರೆ ಏನು ಗತಿ ಅಂತ ನೆಪ ಹೇಳುತ್ತಿದ್ದೆ. ನಿಜವಾದ ಕಾರಣ ಬೇರೆ. ನನಗೆ ದೇವರ ಮೇಲೆ ಕೋಪ ಬಂದಿತ್ತು.

ಆ ತಿಂಗಳುಗಳನ್ನು ಬರೆಯಲು ಈಗಲೂ ಮನಸ್ಸು ಹಿಂಜರಿಯುತ್ತದೆ. ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದೆ. ಮೈಗಿಂತ ಮನಸ್ಸಿಗೆ ಹೆಚ್ಚು ಮುಪ್ಪು ಬಂದಿತ್ತು. ಈ ಕಾಯಿಲೆಗೇ ಮನಸ್ಸನ್ನು ಕತ್ತಲಾಗಿಸುವ ಗುಣವಿದೆ, ಅದಕ್ಕೂ ಔಷಧಿ ಇದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಆಗ ಅದು ಗೊತ್ತಿರಲಿಲ್ಲ, ನನ್ನ ವಿಶ್ವಾಸವೇ ಸತ್ತಿದೆ ಅಂದುಕೊಂಡೆ. ದಿಂಬಿನ ಮೇಲೆ ಜೊಲ್ಲು ಸೋರುತ್ತಿತ್ತು. ಬೆಳಗಿನ ಮಾತ್ರೆ ಹಿಡಿಯುವ ಮುಂಚೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಬೆರಳು ಬಗ್ಗುತ್ತಿರಲಿಲ್ಲ. ಸಾವಿರಾರು ಹುಕ್ಕು ಹೊಲಿದ ಕೈ ಅದು. ನಾಳೆ ನನ್ನನ್ನು ಯಾರು ಎತ್ತುತ್ತಾರೆ, ಯಾರು ತೊಳೆಯುತ್ತಾರೆ, ಯಾರು ಅಸಹ್ಯಪಟ್ಟುಕೊಳ್ಳುತ್ತಾರೆ ಅನ್ನುವುದೇ ಯೋಚನೆ. ಪ್ರಾರ್ಥನೆಗೆ ಬಾಯಿ ತೆರೆದರೆ, "ನನ್ನನ್ನ ಇವರಿಗಿಂತ ಮೊದ್ಲು ಕರ್ಕೊ" ಅನ್ನುವುದೊಂದೇ ಬರುತ್ತಿತ್ತು. ಬೇರೆ ಏನನ್ನೂ ಕೇಳುವ ಮನಸ್ಸಿರಲಿಲ್ಲ.

ಹುಕ್ಕು ಹಾಕುವ ಕೆಲಸ ಯಜಮಾನರಿಗೆ ಬಿತ್ತು. ಸ್ಟೀರಿಂಗ್ ತಿರುಗಿಸಿ ಗಟ್ಟಿಯಾದ ದಪ್ಪ ಬೆರಳು, ಸಣ್ಣ ಹುಕ್ಕು. ಬೈದುಕೊಳ್ಳುತ್ತಾ ಹಾಕುತ್ತಿದ್ದರು. "ಈ ಹುಕ್ಕು ಕಂಡಿಡ್ದೋನು ಎಲ್ಲವ್ನೆ ಏಳು, ಬಸ್ ಅತ್ತಿಸ್ಬುಡ್ತೀನಿ ಅವ್ನ ಮ್ಯಾಲೆ." ಮೇಲಿನದನ್ನು ಕೆಳಗಿನ ಕಣ್ಣಿಗೆ ಸಿಕ್ಕಿಸಿ ರವಿಕೆ ಸೊಟ್ಟಗಾಗುತ್ತಿತ್ತು. ಸೊಟ್ಟ ಹೊಲಿಗೆ ಬಿಚ್ಚಿಸುತ್ತಿದ್ದ ನಾನು ಸೊಟ್ಟ ರವಿಕೆಯಲ್ಲೇ ದಿನ ಕಳೆಯುತ್ತಿದ್ದೆ. ಮಾತ್ರೆಯ ಹೊತ್ತಿಗೆ ಸರಿಯಾಗಿ ನೀರು ಹಿಡಿದು ನಿಲ್ಲುತ್ತಿದ್ದವರೂ ಅವರೇ. ಇಷ್ಟಾದರೂ ಆ ಹಳೆಯ ತೀರ್ಮಾನ ನನ್ನನ್ನು ಬಿಡಲಿಲ್ಲ. ಇವರು ಕರ್ತವ್ಯ ಮಾಡುತ್ತಿದ್ದಾರೆ, ಮನಸ್ಸು ಆ ಅಭಿಷೇಕದ ಕೈಯನ್ನೇ ನೆನೆಯುತ್ತಿದೆ ಅಂದುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಪುಟ್ಟತಾಯಮ್ಮ ನಮ್ಮ ಸಭೆಯವಳಲ್ಲ, ಹೊಗೆಸೊಪ್ಪು ಬೆಳೆಯುವ ಒಕ್ಕಲು ಮನೆಯ ಹೆಂಗಸು. ಚಳಿಗಾಲದ ಒಂದು ಮಧ್ಯಾಹ್ನ ಬೋಗುಣಿ ತುಂಬ ನೆನೆಸಿದ ಅವರೆಕಾಳು ತಂದು ನನ್ನ ಮಂಚದ ಮೇಲೇ ಇಟ್ಟಳು. ಅವತ್ತು ಮಾತ್ರೆಯ ಅಮಲು ಇಳಿದು ಕೈ ಆಡುತ್ತಿತ್ತು.

"ಟೀಚರಮ್ಮ, ಎಂಗೂ ಬೆಳ್ಳು ಸುಮ್ಕೆ ಆಡ್ತಾ ಬಿದ್ದವೆ. ವಸಿ ಕೆಲ್ಸನಾದ್ರೂ ಕೊಡಿ ಅವ್ಕೆ. ನಮ್ಮನೇಲಿ ನೆಂಟ್ರು ಬಂದವ್ರೆ."

ನನಗೆ ಸಿಟ್ಟು ಬರಬೇಕಿತ್ತು. ಯಾಕೋ ಬರಲಿಲ್ಲ. ಎದ್ದು ಕೂತು ಒಂದು ಕಾಳು ತೆಗೆದುಕೊಂಡೆ. ಬೇಳೆ ಪುಳಕ್ಕನೆ ಹಾರಿ ಅವಳ ಮೂಗಿಗೆ ಬಡಿಯಿತು. ಇಬ್ಬರೂ ನಕ್ಕೆವು. ನನ್ನ ನಗು ಮುಖಕ್ಕೆ ಬಂತೋ ಇಲ್ಲವೋ ಗೊತ್ತಿಲ್ಲ, ಅವಳಿಗೆ ತಿಳಿಯಿತು. ಆ ಸಂಜೆ ಬಹಳ ದಿನಗಳ ಮೇಲೆ ಊಟ ರುಚಿಸಿತು. ಅವತ್ತಿನಿಂದ ಅವಳು ಏನಾದರೊಂದು ಕೆಲಸ ಹಿಡಿದು ಬರುವುದನ್ನು ಬಿಡಲಿಲ್ಲ. ವರ ಕೇಳಲು ಬರಲಿಲ್ಲ, ಕರುಣೆ ತೋರಿಸಲೂ ಬರಲಿಲ್ಲ. ಬರೀ ಕಾಳು ಬಿಡಿಸಲು ಬಂದಳು.

ಆ ವರ್ಷವೇ ಹೊಸ ಅಯ್ಯನವರು ನಮ್ಮ ಸಭೆಗೆ ಬಂದರು. ಮನೆಗೆ ಬಂದು ಕೂತವರು, "ನಿಮಗೆ ಏನು ಹೇಳಬೇಕೋ ನನಗೆ ಗೊತ್ತಾಗ್ತಾ ಇಲ್ಲಮ್ಮ" ಅಂದರು. ಅಲ್ಲಿಯವರೆಗೆ ಬಂದವರೆಲ್ಲರಿಗೂ ಏನು ಹೇಳಬೇಕೆಂದು ಗೊತ್ತಿತ್ತು. ಇವರೊಬ್ಬರಿಗೆ ಗೊತ್ತಿರಲಿಲ್ಲವಾದ್ದರಿಂದ ನಾನು ಅವರ ಮುಂದೆ ಮನಸ್ಸು ಬಿಚ್ಚಿ ಅತ್ತೆ. ಮುಂದಿನ ತಿಂಗಳು ಕರ್ತನ ಭೋಜನವನ್ನು ಮನೆಗೇ ತಂದರು. ಪಾತ್ರೆಯನ್ನು ನನ್ನ ಕೈಗೆ ಕೊಡದೆ ತಾವೇ ತುಟಿಗೆ ಹಿಡಿದರು. ಯಜಮಾನರು ಗದ್ದದ ಕೆಳಗೆ ಟವೆಲ್ ಹಿಡಿದಿದ್ದರು. ಒಂದು ಹನಿಯೂ ಬೀಳಲಿಲ್ಲ.

ಹೀಗೆ ಬಿದ್ದು ಎದ್ದು ಕೆಲವು ವರ್ಷ ನಡೆಯಿತು. ಆಮೇಲೆ ಯಜಮಾನರಿಗೆ ಕೆಮ್ಮು ಹತ್ತಿತು. ಧೂಳಿನ ಕೆಮ್ಮು ಅಂದರು, ಡೀಸೆಲ್ ಹೊಗೆಯ ಕೆಮ್ಮು ಅಂದರು. ಮೈಸೂರಿನಲ್ಲಿ ಎದೆಯಿಂದ ನೀರು ತೆಗೆದರು, ಮತ್ತೆ ತುಂಬಿತು. ಶ್ವಾಸಕೋಶದಲ್ಲಿ ಗಡ್ಡೆ ಅಂದರು. ಕೊನೆಗೆ ಡಾಕ್ಟರು ಶಾಂತಿಯನ್ನು ಪಕ್ಕಕ್ಕೆ ಕರೆದು, ಮನೆಗೆ ಕರೆದುಕೊಂಡು ಹೋಗಿ ಅಂದರು. ನಾನು ಕೇಳಿದ್ದ ಒಂದೇ ಒಂದನ್ನೂ ದೇವರು ಕೊಡುವುದಿಲ್ಲ ಅಂತ ಗೊತ್ತಾಯಿತು. ನನಗಿಂತ ಮೊದಲು ಅವರೇ ಹೊರಟಿದ್ದರು.

ಹಾಲ್‌ನಲ್ಲಿ ಅವರ ಮಂಚ, ಒಳಕೋಣೆಯಲ್ಲಿ ನನ್ನ ಮಂಚ. ಶಾಂತಿ ರಜೆ ಹಾಕಿ ಬಂದಿದ್ದಳು. ಇಂಜೆಕ್ಷನ್ ಹಾಕಲು ನರ್ಸೊಬ್ಬರು ಬಂದು ಹೋಗುತ್ತಿದ್ದರು. ನೋವಿಗೆ ಕೊಡುವ ಮದ್ದಿನಿಂದ ಅವರಿಗೆ ಕಣ್ಣು ಬಿಡುವುದೇ ಕಷ್ಟವಾಗಿತ್ತು. ಒಂದು ಸಂಜೆ ನಾನು ಪಕ್ಕದಲ್ಲಿ ಕೂತಿದ್ದಾಗ, ಕಣ್ಣು ಮುಚ್ಚಿಕೊಂಡೇ ಅಂದರು.

"ಸಮಾಧಾನ, ನಾಳೆ ಬೆಳಿಗ್ಗೆ ಮಾತ್ರೆ ತಗಾಬ್ಯಾಡ."

"ಯಾಕ್ರೀ?"

"ಆ ಕೈ ನನ್ನ ಎದೆ ಮ್ಯಾಲೆ ಮಡುಗು. ನಡುಗೋ ಕೈನ."

ಇಷ್ಟು ವರ್ಷ ಆದಮೇಲೂ, ಆ ಬೆಂಚು ಕಂಡಮೇಲೂ, ಇವರು ಇನ್ನೂ ಅಭಿಷೇಕವನ್ನೇ ನಂಬಿ ವಾಸಿಯಾಗುವ ಆಸೆಯಲ್ಲಿದ್ದಾರಲ್ಲ ಅಂತ ಸಿಟ್ಟು ಬಂತು. ಸಾಯುವ ಮನುಷ್ಯನಿಗೆ ಅದು ಕಾಯಿಲೆ ಕಣ್ರೀ ಅಂತ ಹೇಗೆ ಹೇಳಲಿ? ಆಗಲಿ ಅಂದೆ. ಶಾಂತಿ ಜಗಳವಾಡಿದಳು. "ಡಾಕ್ಟ್ರು ಬಿಡಬಾರದು ಅಂದಿದ್ದಾರಮ್ಮ, ಅಪ್ಪಂಗೆ ತಿಳಿಯಲ್ಲ, ನಿನಗೂ ತಿಳಿಯಲ್ವಾ?" ಅವಳು ಹೇಳಿದ್ದು ಸರಿ. ಇದನ್ನು ಓದುವವರು ಯಾರೂ ಹಾಗೆ ಮಾಡಬೇಡಿ.

ಬೆಳಿಗ್ಗೆ ನಾನು ಮರದ ಕೊರಡಾಗಿದ್ದೆ. ಶಾಂತಿ ಒಂದು ಕಡೆ, ಪುಟ್ಟತಾಯಮ್ಮ ಒಂದು ಕಡೆ ಹಿಡಿದು, ಅರ್ಧ ನಡೆಸಿ ಅರ್ಧ ಹೊತ್ತು ಅವರ ಮಂಚದ ಪಕ್ಕದ ಕುರ್ಚಿಗೆ ತಂದು ಕೂರಿಸಿದರು. ಹುಕ್ಕು ಹಾಕುವ ಯಜಮಾನರು ಮಲಗಿದ್ದರಿಂದ ನಾನು ರವಿಕೆಯ ಮೇಲೆ ಟವೆಲ್ ಹೊದ್ದಿದ್ದೆ. ಶಾಂತಿ ನನ್ನ ಬಲಗೈಯನ್ನು ಎತ್ತಿ ಅವರ ಎದೆಯ ಮೇಲಿಟ್ಟಳು. ಕೆಳಗೆ ಬರೀ ಎಲುಬು. ಕೈ ನಡುಗತೊಡಗಿತು, ಮೊದಲು ಬೆರಳು, ಆಮೇಲೆ ಮಣಿಕಟ್ಟು. ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ಮಾತು ಹುಡುಕಿದೆ. ಸ್ತೋತ್ರ ಅನ್ನುತ್ತಾರೆ ಅಂತ ಕಾದೆ.

ಅವರ ಎದೆ ಅಲುಗಿತು. ಕೆಮ್ಮು ಅಂದುಕೊಂಡೆ. ನಗುತ್ತಿದ್ದರು.

"ಇನ್ನೂ ಎಷ್ಟ್ ಕಾಳು ಉಳ್ದವೆ ಅಮ್ಮೀ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ಬಿಟ್ಟು ಅವರ ಮುಖ ನೋಡಿದೆ. "ಅಭಿಷೇಕ ಅಂತ ತಾನೆ ನೀವು ಇಡು ಅಂದಿದ್ದು?" ಅಂದೆ.

"ಅದು ಮೈಸೂರ್ನಾಗೆ ಆ ಬೆಂಚ್ ಮ್ಯಾಲೇ ಮುಗ್ದೋಯ್ತು ಕಣಮ್ಮಿ," ಅಂದರು. ಉಸಿರಿಗೆ ನಿಂತು ನಿಂತು ಹೇಳಿದರು. "ಕಣ್ ಬುಡಕಾಗಾಕಿಲ್ಲ ನಂಗೆ. ಎಲ್ಲಾರ್ ಕೈನೂ ಒಂದೇ ತರ. ಮುಟ್ದೋಳು ಶಾಂತಿಯೋ, ನರ್ಸಮ್ಮನೋ, ನೀನೋ ಗೊತ್ತಾಗಕಿಲ್ಲ. ಇದಾದ್ರೆ ನೀನೇಯ."

ಕೈಯನ್ನು ನಾನು ತೆಗೆಯಲಿಲ್ಲ. ತೆಗೆಯಲು ಬರುವಂತೆಯೂ ಇರಲಿಲ್ಲ. ಅವರು ಹಾಗೇ ನಿದ್ದೆಹೋದರು. ಮಧ್ಯಾಹ್ನ ಶಾಂತಿ ಬಲವಂತವಾಗಿ ಮಾತ್ರೆ ನುಂಗಿಸಿದಳು. ಅದೇ ವಾರ ಅವರು ತೀರಿಕೊಂಡರು. ರಾಹೇಲಮ್ಮ ಮಣ್ಣಿಗೆ ಬಂದಿದ್ದಳು. ಹಿಂದಿನ ಮಾತೇನೂ ಆಡದೆ ಮೂರು ದಿನ ನಮ್ಮ ಮನೆಯ ಪಾತ್ರೆಯೆಲ್ಲ ತೊಳೆದು ಹೋದಳು.

ಈಗ ನನಗೆ ಶಾಂತಿಯ ಮನೆಯಲ್ಲಿ ಸ್ವಲ್ಪ ಕಾಲ, ಹುಣಸೂರಿನಲ್ಲಿ ಸ್ವಲ್ಪ ಕಾಲ. ಹುಕ್ಕಿನ ಬದಲು ಅಂಟುಪಟ್ಟಿಯ ರವಿಕೆ ಹಾಕಿಸಿಕೊಂಡಿದ್ದೇನೆ, ಹೊಲಿಗೆ ಕೆಟ್ಟದಾಗಿದೆ. ಮಾತ್ರೆ ಹೆಚ್ಚಾಗುತ್ತಿದೆ, ಅದರ ಕೆಲಸ ಕಡಿಮೆಯಾಗುತ್ತಿದೆ. ಕೆಲವು ಬೆಳಿಗ್ಗೆ ಈಗಲೂ ಗೋಡೆಯ ಕಡೆಯೇ ತಿರುಗಿ ಮಲಗಿರುತ್ತೇನೆ. ಒಂಟಿತನ ಹೋಗಿಲ್ಲ. ಇದನ್ನು ಓದುವ ಹಿರಿಯರೇ, ನಿಮಗೂ ಹಾಗೆ ಅನ್ನಿಸಿದರೆ ನಿಮ್ಮ ವಿಶ್ವಾಸ ಸತ್ತಿದೆ ಅಂದುಕೊಳ್ಳಬೇಡಿ. ನನ್ನ ಕೈ ನಡುಗಿದಾಗ ದೇವರು ಇಳಿದು ಬಂದ ಅಂದರು, ನಿಂತಾಗ ಬಿಟ್ಟುಹೋದ ಅಂದರು. ಅವನು ಎರಡನ್ನೂ ಮಾಡಲಿಲ್ಲ. ಸೊಟ್ಟ ಹುಕ್ಕು ಹಾಕುವವರ ಜೊತೆ, ಕಾಳಿನ ಬೋಗುಣಿ ಹಿಡಿದು ಬರುವವಳ ಜೊತೆ ಅವನು ನಮ್ಮ ಮನೆಯಲ್ಲೇ ಇದ್ದ. ನನಗೆ ಗೊತ್ತಾದದ್ದು ತಡವಾಗಿ.

ಪರಲೋಕದಲ್ಲಿ ಎಲ್ಲ ಕಾಯಿಲೆಯೂ ವಾಸಿಯಾಗುತ್ತದೆ, ನಿಮ್ಮ ಕೈಯೂ ನಿಲ್ಲುತ್ತದೆ ಅಂತ ಅಯ್ಯನವರು ಹೇಳುತ್ತಾರೆ. ನಿಲ್ಲಲಿ, ಬೇಡ ಅನ್ನುವವಳಲ್ಲ ನಾನು. ಆದರೆ ಬಾಗಿಲಲ್ಲೇ ವಾಸಿಮಾಡಬೇಡ, ಮೊದಲು ಒಂದು ಗಳಿಗೆ ಹೀಗೇ ಒಳಗೆ ಬಿಡು ಅಂತ ದಿನಾ ಕೇಳಿಕೊಳ್ಳುತ್ತೇನೆ. ಯಜಮಾನರು ಅಲ್ಲೂ ಕಣ್ಣು ಮುಚ್ಚಿಕೊಂಡಿದ್ದರೆ, ಬಂದವಳು ನಾನೇ ಅಂತ ಗೊತ್ತಾಗಬೇಕಲ್ಲ.